ಒಡೆಯುವ ಮೊದಲು ವಿಂಗಡಿಸಿ: ಹಳೆ ಗಾಜಿಗೆ ಒಂದು ಪುಟ್ಟ ತೊಳೆಯುವ ಸೆಟಪ್

ಗ್ಯಾರೇಜಿನ ಮೂಲೆಯಲ್ಲಿ ಹಳೆ ಬಾಟಲಿ, ಜಾಡಿಗಳನ್ನು ವಿಂಗಡಿಸಿ, ಒಡೆದು, ತೊಳೆದು, ಒಣಗಿಸುವ ಸಣ್ಣ ಸೆಟಪ್ ಒಂದನ್ನು ಕಟ್ಟಿದ್ದೇನೆ. ಚೂರುಗಳನ್ನು ಒಯ್ಯುವವರು ಸಣ್ಣ ಕುಲುಮೆಯಲ್ಲಿ ಗಾಜು ಕರಗಿಸಿ ಎರಕ ಹೊಯ್ಯುವ ಗೆಳೆಯರು. ಅವರು ಕೇಳಿದ್ದು ಮೂರೇ ಮಾತು. ಚೂರು 10ರಿಂದ 40 ಮಿಲಿಮೀಟರ್ ಇರಬೇಕು. ಬಣ್ಣ ಬೆರೆಯಬಾರದು. ಗಾಜಲ್ಲದ್ದು ಏನೂ ಇರಬಾರದು.

ಮೊದಲ ಎರಡು ಸುಲಭ. ಮೂರನೆಯದರಲ್ಲೇ ಇಡೀ ಕೆಲಸ ಇದೆ.

ಗಾಜಲ್ಲದ್ದು ಸ್ವಲ್ಪ ಸೇರಿದರೆ ಏನಾಗುತ್ತದೆ ಅಂತ ಕೇಳುವವರಿದ್ದಾರೆ. ಬಾಟಲಿ ಕಾರ್ಖಾನೆಯ ಕುಲುಮೆ ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉರಿಯುತ್ತದೆ. ಪಿಂಗಾಣಿ ಚೂರು, ಕಲ್ಲು ಅಲ್ಲೂ ಪೂರ್ತಿ ಕರಗುವುದಿಲ್ಲ. ಹೊಸ ಬಾಟಲಿಯ ಗೋಡೆಯಲ್ಲಿ ಬಿಳಿ ಚುಕ್ಕೆಯಾಗಿ ಕೂತುಬಿಡುತ್ತವೆ. ಮುಂದೆ ಬಾಟಲಿ ಬಿರುಕು ಬಿಡುವುದು ಅಲ್ಲಿಂದಲೇ. ಅಲ್ಯೂಮಿನಿಯಂ ಇನ್ನೂ ಕಿತಾಪತಿ. ಗಾಜಿನಲ್ಲಿರುವ ಸಿಲಿಕಾದಿಂದ ಅದು ಆಮ್ಲಜನಕ ಕಿತ್ತುಕೊಳ್ಳುತ್ತದೆ. ಉಳಿದ ಸಿಲಿಕಾನ್ ಸಣ್ಣ ಸಣ್ಣ ಗುಂಡುಗಳಾಗಿ ಗಾಜಿನೊಳಗೆ ಸಿಕ್ಕಿಕೊಳ್ಳುತ್ತದೆ. ಕಬ್ಬಿಣ ಬಣ್ಣ ಕೆಡಿಸುತ್ತದೆ. ಲೋಹದ ಸೀಸ ಬಿದ್ದರೆ ಕರಗಿ ತಳಕ್ಕಿಳಿದು ಕುಲುಮೆಯ ಇಟ್ಟಿಗೆಯನ್ನೇ ಕೊರೆಯುತ್ತದೆ.

ಎಷ್ಟು ಶುದ್ಧ ಇರಬೇಕು ಅನ್ನುವುದಕ್ಕೆ ನಾನು ಇಟ್ಟುಕೊಂಡ ಅಳತೆ ಯುರೋಪಿಯನ್ ಒಕ್ಕೂಟದ 2012ರ ನಿಯಮ, ಅದರ ಸಂಖ್ಯೆ 1179. ಗಾಜಿನ ಚೂರನ್ನು 'ಇನ್ನು ಇದು ಕಸವಲ್ಲ, ಕಚ್ಚಾ ಮಾಲು' ಅಂತ ಕರೆಯಬೇಕಾದರೆ ಏನೇನು ಎಷ್ಟಿರಬಹುದು ಎಂದು ಅದು ಹೇಳುತ್ತದೆ. ಒಂದು ಟನ್ ಗಾಜಿನಲ್ಲಿ ಕಬ್ಬಿಣ 50 ಗ್ರಾಂ. ಬೇರೆ ಲೋಹ 60 ಗ್ರಾಂ. ಪಿಂಗಾಣಿ, ಕಲ್ಲಿನಂಥದ್ದು 100 ಗ್ರಾಂ (ಒಂದು ಮಿಲಿಮೀಟರಿಗಿಂತ ದೊಡ್ಡ ಚೂರುಗಳಿಗೆ). ಕಾಗದ, ಪ್ಲಾಸ್ಟಿಕ್, ಆಹಾರದ ಉಳಿಕೆಗೆ ಮಾತ್ರ 2000 ಗ್ರಾಂ, ಅಂದರೆ 2 ಕೆಜಿ.

ಈ ಅಂಕಿಗಳನ್ನು ಒಂದು ಮುಚ್ಚಳದ ಮೇಲೆ ಇಟ್ಟು ನೋಡಿ. ಸೋಡಾ ಬಾಟಲಿಯ ತಗಡಿನ ಬಿಲ್ಲೆ ಮುಚ್ಚಳ ಸುಮಾರು 2 ಗ್ರಾಂ ತೂಗುತ್ತದೆ. ಅಂಥ ಒಂದೇ ಒಂದು ಮುಚ್ಚಳ ಒಳಗೆ ಉಳಿದರೆ 40 ಕೆಜಿ ಗಾಜಿನ ಕೋಟಾ ಮುಗಿಯಿತು! ಅದೇ ಲೇಬಲ್ ಕಾಗದ ಸ್ವಲ್ಪ ಉಳಿದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಾವೆಲ್ಲ ಮಾಡುವುದು ಉಲ್ಟಾ ಅಲ್ವಾ? ಲೇಬಲ್ ಕೀಳುವುದಕ್ಕೆ ಅರ್ಧ ಗಂಟೆ ಉಜ್ಜುತ್ತೇವೆ, ಕತ್ತಿನ ಅಲ್ಯೂಮಿನಿಯಂ ಬಳೆಯನ್ನು ಹಾಗೇ ಬಿಡುತ್ತೇವೆ.

ಇದೆಲ್ಲ ಲೆಕ್ಕ ಹಾಕಿದ ಮೇಲೆ ಸೆಟಪ್ಪಿನ ಕ್ರಮ ತಾನಾಗಿ ಸ್ಪಷ್ಟವಾಯಿತು. ಬಾಟಲಿ ಇಡಿಯಾಗಿ ಇರುವಾಗಲೇ ಎಲ್ಲ ವಿಂಗಡಣೆ ಮುಗಿಯಬೇಕು. ಇಡೀ ಪಿಂಗಾಣಿ ಕಪ್ಪನ್ನು ಯಾರು ಬೇಕಾದರೂ ಕಣ್ಣುಮುಚ್ಚಿ ಎತ್ತಿಡಬಹುದು. ಒಡೆದು ಬೆರೆತ ಮೇಲೆ ಅದರ 4 ಮಿಲಿಮೀಟರ್ ಚೂರನ್ನು ಹುಡುಕಲು ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾ ಬೇಕು. ದೊಡ್ಡ ಘಟಕಗಳ ಪಾಡೂ ಇದೇ. ಅಲ್ಲಿಗೆ ಗಾಜು ಬರುವಾಗಲೇ ಲಾರಿಯಲ್ಲಿ ಒಡೆದು ಬಂದಿರುತ್ತದೆ. ಹಾಗಾಗಿ ಅವರಿಗೆ ಯಂತ್ರ ಅನಿವಾರ್ಯ. ನಮಗೆ ಬಾಟಲಿ ಕೈಗೆ ಇಡಿಯಾಗಿ ಸಿಗುತ್ತದೆ. ಈ ಅನುಕೂಲವನ್ನು ಪೂರ್ತಿ ಬಳಸಿಕೊಂಡರೆ ಯಂತ್ರದ ಕೆಲಸ ಮುಕ್ಕಾಲು ಕಡಿಮೆಯಾಗುತ್ತದೆ.

ಬೆಳಕಿನ ಮೇಜು

ಮೊದಲು ಕಟ್ಟಿದ್ದು ಇದು. 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಮರದ ಚೌಕಟ್ಟು. ಒಳಗೆ ತಳಕ್ಕೆ ಬಿಳಿ ಬಣ್ಣ ಹೊಡೆದು ಎಲ್‌ಇಡಿ ಪಟ್ಟಿಗಳನ್ನು ಸಾಲಾಗಿ ಅಂಟಿಸಿದೆ. ಮೇಲೆ 5 ಮಿಲಿಮೀಟರ್ ದಪ್ಪದ ಹಾಲುಬಿಳಿ ಅಕ್ರಿಲಿಕ್ ಹಾಳೆ. ಪಟ್ಟಿಗೂ ಹಾಳೆಗೂ ನಡುವೆ 10 ಸೆಂಟಿಮೀಟರ್ ಅಂತರ ಬಿಟ್ಟರೆ ದೀಪದ ಚುಕ್ಕೆಗಳು ಕಾಣುವುದಿಲ್ಲ, ಬೆಳಕು ಸಮವಾಗಿ ಹರಡುತ್ತದೆ. ಗಾಜು ಅಕ್ರಿಲಿಕ್ಕನ್ನು ಗೀರುತ್ತದೆ. ಅದಕ್ಕೇ ಮೇಲೊಂದು ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿದ್ದೇನೆ, ಹಾಳಾದಾಗ ಅದನ್ನಷ್ಟೇ ಬದಲಿಸಿದರೆ ಸಾಕು. ಮೇಜಿನ ಎತ್ತರ ಸೊಂಟದ ಮಟ್ಟ. ಬಗ್ಗಿ ನಿಂತು ವಿಂಗಡಿಸಿದರೆ ಬೆನ್ನು ಹೋಗುತ್ತದೆ.

ಬೆಳಕು ಕೆಳಗಿನಿಂದಲೇ ಯಾಕೆ? ದಪ್ಪ ಹಸಿರು ಬಾಟಲಿ, ದಪ್ಪ ಕಂದು ಬಾಟಲಿ ಎರಡೂ ಮೇಲಿನ ಬೆಳಕಿನಲ್ಲಿ ಕಪ್ಪಾಗಿಯೇ ಕಾಣುತ್ತವೆ. ಬೆಳಕು ಗಾಜಿನ ಮೂಲಕ ಹಾದು ಬಂದಾಗ ಗೊಂದಲವೇ ಇಲ್ಲ. ಹಸಿರಿಗೆ ಕಾರಣ ಕ್ರೋಮಿಯಂ. ಕಂದಿಗೆ ಕಾರಣ ಕಬ್ಬಿಣ ಮತ್ತು ಗಂಧಕದ ಜೋಡಿ. ಬಿಳಿ ಗಾಜಿಗೆ, ಅಂದರೆ ಬಣ್ಣವಿಲ್ಲದ ಪಾರದರ್ಶಕ ಗಾಜಿಗೆ, ಇವೆರಡೂ ವೈರಿ. ಬಿಳಿ ರಾಶಿಗೆ ಸ್ವಲ್ಪ ಹಸಿರು ಬಿದ್ದರೂ ಕರಗಿದ ಮೇಲೆ ಇಡೀ ಗಾಜಿಗೆ ಛಾಯೆ ಬರುತ್ತದೆ. ಹಸಿರು ಗಾಜಿಗೆ ಅಷ್ಟು ಮಡಿ ಇಲ್ಲ, ಬೇರೆ ಬಣ್ಣ ಸ್ವಲ್ಪ ಬಿದ್ದರೂ ನುಂಗಿಕೊಳ್ಳುತ್ತದೆ. ಹಾಗಾಗಿ ಅನುಮಾನ ಬಂದರೆ ಹಸಿರು ಡಬ್ಬಕ್ಕೆ, ಬಿಳಿಗೆ ಯಾವತ್ತೂ ಅಲ್ಲ. ನೀಲಿ ಬಾಟಲಿ ಅಪರೂಪ. ಅವಕ್ಕೆ ಬೇರೆ ಸಣ್ಣ ಬುಟ್ಟಿ ಇದೆ. ನೀಲಿಗೆ ಕಾರಣವಾದ ಕೋಬಾಲ್ಟ್ ಎಷ್ಟು ಪ್ರಬಲ ಬಣ್ಣ ಅಂದರೆ ಒಂದು ಚೂರೂ ತಪ್ಪಿ ಬಿಳಿಗೆ ಹೋಗಬಾರದು.

ಒಂದು ಮೋಸದ ಬಗ್ಗೆ ಹೇಳಲೇಬೇಕು. ಕೆಲವು ಬಾಟಲಿಗಳು ಕಣ್ಣಿಗೆ ನೀಲಿ, ಕೆಂಪು, ಮಂಜುಬಿಳಿ. ಗಾಜು ಮಾತ್ರ ಬಿಳಿಯೇ, ಹೊರಗಡೆ ಬಣ್ಣ ಸಿಂಪಡಿಸಿರುತ್ತಾರೆ. ತಳದ ಅಂಚಿನಲ್ಲಿ ಮೊಳೆಯಿಂದ ಗೀರಿದರೆ ಬಣ್ಣ ಸುಲಿದು ಬರುತ್ತದೆ. ಬಾಯಿಯ ಒಳಗಿಂದ ನೋಡಿದರೂ ಗೊತ್ತಾಗುತ್ತದೆ. ಇಂಥವನ್ನು ನಾನು ಬದಿಗಿಡುತ್ತೇನೆ. ಕ್ರೀಮಿನ ಹಾಲುಬಿಳಿ ಡಬ್ಬಿಗಳೂ ಬದಿಗೆ. ಅವು ಗಾಜೇ ಹೌದು, ಆದರೆ ಬೆಳಕು ಹಾಯದಂತೆ ಮಾಡಲು ಬೇರೆ ವಸ್ತು ಬೆರೆಸಿರುತ್ತಾರೆ.

ಗಾಜಿನ ವೇಷದಲ್ಲಿ ಬರುವ ಬೇರೆ ಗಾಜು

ಇದೇ ಎಲ್ಲಕ್ಕಿಂತ ಕಷ್ಟದ ಭಾಗ. ಬಾಟಲಿ, ಜಾಡಿ, ಕಿಟಕಿ ಗಾಜು ಎಲ್ಲ ಸೋಡಾ-ಸುಣ್ಣದ ಗಾಜು. ಸುಮಾರು 70ರಿಂದ 74 ಶೇಕಡಾ ಸಿಲಿಕಾ, ಮಿಕ್ಕಿದ್ದು ಹೆಚ್ಚಾಗಿ ಸೋಡಾ ಮತ್ತು ಸುಣ್ಣ. ಓವನ್ ಪಾತ್ರೆ, ಪ್ರಯೋಗಾಲಯದ ಫ್ಲಾಸ್ಕ್, ಬಿಸಿ ಕಾಫಿಯ ಜಗ್ಗು ಬೋರೋಸಿಲಿಕೇಟ್. ನೋಡಲು ಎರಡೂ ಒಂದೇ. ಬಿಸಿಯಾದಾಗ ಬೋರೋಸಿಲಿಕೇಟ್ ಹಿಗ್ಗುವುದು ಸಾಮಾನ್ಯ ಗಾಜು ಹಿಗ್ಗುವುದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಮೆತ್ತಗಾಗುವ ಉಷ್ಣತೆಯೂ ಜಾಸ್ತಿ. ಸಾಮಾನ್ಯ ಗಾಜು 720 ಡಿಗ್ರಿ ಆಸುಪಾಸಿನಲ್ಲಿ ಬಾಗುವಷ್ಟು ಮೆತ್ತಗಾದರೆ, ಇದಕ್ಕೆ 820 ಬೇಕು. ಎರಡೂ ಬೆರೆತ ಎರಕ ತಣ್ಣಗಾಗುವಾಗ ಒಂದು ಜಾಸ್ತಿ ಕುಗ್ಗುತ್ತದೆ, ಇನ್ನೊಂದು ಕಡಿಮೆ. ಕೊನೆಗೆ ಟಪ್ ಅಂತ ಸೀಳು ಬಿಡುತ್ತದೆ.

ಪತ್ತೆ ಹಚ್ಚಲು ಅಡುಗೆ ಎಣ್ಣೆ ಸಾಕು. ಒಂದು ಲೋಟದಲ್ಲಿ ಎಣ್ಣೆ ತೆಗೆದುಕೊಳ್ಳಿ. ಅನುಮಾನದ ಚೂರನ್ನು ಇಕ್ಕಳದಲ್ಲಿ ಹಿಡಿದು ಪೂರ್ತಿ ಮುಳುಗಿಸಿ. ಬೋರೋಸಿಲಿಕೇಟ್ ಆದರೆ ಅಂಚುಗಳು ಕಣ್ಣೆದುರೇ ಮಾಯವಾಗುತ್ತವೆ. ಎಣ್ಣೆಯೊಳಗೆ ಇಕ್ಕಳದ ತುದಿ ಖಾಲಿ ಇದ್ದಂತೆ ಕಾಣುತ್ತದೆ. ಎಣ್ಣೆ ಮತ್ತು ಬೋರೋಸಿಲಿಕೇಟ್ ಎರಡೂ ಬೆಳಕನ್ನು ಬಗ್ಗಿಸುವ ಪ್ರಮಾಣ ಹತ್ತಿರ ಹತ್ತಿರ 1.47. ಬಾಟಲಿ ಗಾಜಿನದು 1.52, ಹಾಗಾಗಿ ಅದರ ಅಂಚು ಎಣ್ಣೆಯೊಳಗೂ ಗೆರೆ ಎಳೆದಂತೆ ಕಾಣುತ್ತಲೇ ಇರುತ್ತದೆ. ಹೋಲಿಸಿ ನೋಡಲು ಗೊತ್ತಿರುವ ಬಾಟಲಿ ಚೂರೊಂದನ್ನು ಪಕ್ಕದಲ್ಲೇ ಮುಳುಗಿಸಿಟ್ಟರೆ ತೀರ್ಮಾನ ಸುಲಭ. ಪರೀಕ್ಷೆ ಮಾಡಿದ ಚೂರನ್ನು ರಾಶಿಗೆ ಹಾಕುವ ಮೊದಲು ಸೋಪಿನಲ್ಲಿ ತೊಳೆಯಿರಿ.

ಇನ್ನೊಂದು ವೇಷಧಾರಿ ಸೀಸ ಬೆರೆತ ಕ್ರಿಸ್ಟಲ್. ಕೆತ್ತನೆಯ ಹೂದಾನಿ, ಭಾರದ ಲೋಟ ಇಂಥವು. ಎತ್ತಿದರೆ ಗಾತ್ರಕ್ಕೆ ಮೀರಿದ ಭಾರ, ತಟ್ಟಿದರೆ ದೀರ್ಘ ನಾದ. ಕಿವಿಯನ್ನೇ ನಂಬುವ ಬದಲು ತೂಕ ಹಾಕಿ. ತಕ್ಕಡಿಯ ಮೇಲೆ ನೀರಿನ ಬಟ್ಟಲಿಟ್ಟು ಸೊನ್ನೆ ಮಾಡಿಕೊಳ್ಳಿ. ಚೂರನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ಪೂರ್ತಿ ಮುಳುಗಿಸಿ. ಆಗ ತಕ್ಕಡಿ ತೋರಿಸುವುದು ಚೂರು ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಚೂರಿನ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಜಾಡಿಯ ತಳ 150 ಗ್ರಾಂ ತೂಗಿ 60 ಗ್ರಾಂ ತೋರಿಸಿತು: 2.5, ಸಾಮಾನ್ಯ ಗಾಜು. ಕೆತ್ತನೆಯ ಲೋಟದ ತಳ 184 ಗ್ರಾಂ, ನೀರಿನಲ್ಲಿ 62: ಹತ್ತಿರ ಹತ್ತಿರ 3. ಸೀಸ ಇದೆ, ಹೊರಗೆ. ಬೋರೋಸಿಲಿಕೇಟ್ 2.2ರ ಹತ್ತಿರ ಬರುತ್ತದೆ. ಪಿಂಗಾಣಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಅದರ ಸಾಂದ್ರತೆ ಗಾಜಿನ ಹತ್ತಿರವೇ ಬರುತ್ತದೆ. ಅದಕ್ಕೆ ಬೆಳಕಿನ ಮೇಜೇ ಗತಿ.

ಮುಟ್ಟಲೇಬಾರದ್ದೂ ಇವೆ. ಟ್ಯೂಬ್‌ಲೈಟ್, ಸಿಎಫ್ಎಲ್ ಒಳಗೆ ಪಾದರಸ. ಹಳೆ ಡಬ್ಬಾ ಟಿವಿಯ ಪಿಕ್ಚರ್ ಟ್ಯೂಬಿನಲ್ಲಿ ಸೀಸ. ಕನ್ನಡಿಯ ಹಿಂದೆ ಲೋಹದ ಲೇಪ, ಬಣ್ಣ. ಕಾರಿನ ಮುಂಭಾಗದ ಗಾಜಿನ ನಡುವೆ ಪ್ಲಾಸ್ಟಿಕ್ ಪದರ. ಇಂಡಕ್ಷನ್ ಒಲೆಯ ಮೇಲ್ಮೈ ಗಾಜಿನಂತೆ ಕಂಡರೂ ಗಾಜು-ಪಿಂಗಾಣಿ, ಬಿಸಿಗೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಇವು ಯಾವುವೂ ನನ್ನ ಮೇಜಿಗೆ ಬರುವುದಿಲ್ಲ.

ಕತ್ತಿನ ಬಳೆ, ನೆನೆಸುವ ತೊಟ್ಟಿ

ತಿರುಗಿಸಿ ತೆಗೆಯುವ ಅಲ್ಯೂಮಿನಿಯಂ ಮುಚ್ಚಳ ಕಿತ್ತಾಗ ಬಾಟಲಿಯ ಕತ್ತಿನಲ್ಲಿ ಒಂದು ಬಳೆ ಉಳಿಯುತ್ತದೆ. ಮ್ಯಾಗ್ನೆಟ್ ಅದನ್ನು ಹಿಡಿಯುವುದಿಲ್ಲ. ದೊಡ್ಡ ಘಟಕಗಳಲ್ಲಿ ಇದಕ್ಕೇ ಎಡ್ಡಿ ಕರೆಂಟ್ ಯಂತ್ರ ಇರುತ್ತದೆ: ವೇಗವಾಗಿ ತಿರುಗುವ ಮ್ಯಾಗ್ನೆಟ್ ರೋಲರ್ ಅಲ್ಯೂಮಿನಿಯಂನಲ್ಲಿ ಸುಳಿ ವಿದ್ಯುತ್ ಹುಟ್ಟಿಸಿ ಅದನ್ನು ದೂರ ಚಿಮ್ಮಿಸುತ್ತದೆ. ನನ್ನದು ಸೈಡ್ ಕಟ್ಟರ್ ಇಕ್ಕಳ. ಬಳೆಯ ಒಂದು ಜಾಗದಲ್ಲಿ ಕತ್ತರಿಸಿ, ತುದಿ ಹಿಡಿದು ಸುತ್ತಿದರೆ ರಿಬ್ಬನ್ನಾಗಿ ಬಿಚ್ಚಿಬರುತ್ತದೆ. ಒಂದು ಬಾಟಲಿಗೆ ಕೆಲವೇ ಸೆಕೆಂಡು. ಪ್ಲಾಸ್ಟಿಕ್ ಬಳೆಗೂ ಇದೇ ಉಪಾಯ. ಕಾರ್ಕ್, ಸುರಿಯುವ ಮೂತಿಯ ಪ್ಲಾಸ್ಟಿಕ್ ತುಂಡು ಎಲ್ಲ ಈ ಹಂತದಲ್ಲೇ ಹೊರಗೆ.

ನೆನೆಸಲು ದೊಡ್ಡ ಪ್ಲಾಸ್ಟಿಕ್ ತೊಟ್ಟಿ. 10 ಲೀಟರ್ ಉಗುರುಬೆಚ್ಚಗಿನ ನೀರಿಗೆ 100 ಗ್ರಾಂ ವಾಷಿಂಗ್ ಸೋಡಾ. ಬಾಟಲಿ ತುಂಬುವ ಕಾರ್ಖಾನೆಗಳಲ್ಲಿ ಬಿಸಿ ಕಾಸ್ಟಿಕ್ ಸೋಡಾ ಬಳಸುತ್ತಾರೆ. ಅದು ಗ್ಯಾರೇಜಿಗೆ ಬೇಡ. ಚರ್ಮ, ಕಣ್ಣು ಸುಡುತ್ತದೆ. ಅಲ್ಯೂಮಿನಿಯಂ ತಾಗಿದರೆ ಹೈಡ್ರೋಜನ್ ಅನಿಲ ಬೇರೆ ಹೊರಡುತ್ತದೆ. ವಾಷಿಂಗ್ ಸೋಡಾಕ್ಕೂ ಗ್ಲೌಸ್ ಬೇಕು, ಕೈ ಒಡೆಯುತ್ತದೆ. ತಣ್ಣನೆ ಬಾಟಲಿಗೆ ಕುದಿ ನೀರು ಸುರಿಯಬೇಡಿ. ತಳ ಕಳಚಿ ಬೀಳುತ್ತದೆ.

ರಾತ್ರಿ ನೆನೆದರೆ ಕಾಗದದ ಲೇಬಲ್ ಬೆಳಿಗ್ಗೆ ನೀರಿನಲ್ಲಿ ತೇಲುತ್ತಿರುತ್ತದೆ. ಅದರ ಅಂಟು ಸಾಮಾನ್ಯವಾಗಿ ನೀರಿಗೆ ಕರಗುವಂಥದ್ದು. ಪ್ಲಾಸ್ಟಿಕ್ ಸ್ಟಿಕ್ಕರ್ ಮಾತ್ರ ಎಷ್ಟು ನೆನೆಸಿದರೂ ಅಲ್ಲಾಡುವುದಿಲ್ಲ. ಅದಕ್ಕೆ ಬಾಟಲಿಯೊಳಗೆ ಬಿಸಿ ನೀರು ತುಂಬಿ, ಅಂಟು ಮೆತ್ತಗಾದಾಗ ಮೂಲೆಯಿಂದ ನಿಧಾನವಾಗಿ ಎಳೆಯಬೇಕು. ಉಳಿದ ಜಿಗುಟಿಗೆ ಎಣ್ಣೆ ಮತ್ತು ಅಡುಗೆ ಸೋಡಾ ಕಲಸಿ ಉಜ್ಜಿದರೆ ಹೋಗುತ್ತದೆ. ಬಾಟಲಿಯನ್ನು ಮತ್ತೆ ಬಳಸುವುದಾದರೆ ಇಷ್ಟೆಲ್ಲ ಮಾಡಿ. ಕರಗಿಸುವುದಾದರೆ ಸುಮ್ನೆ ಸಮಯ ಹಾಳು. ಗಾಜಿನ ಮೇಲೆಯೇ ಅಚ್ಚು ಹಾಕಿ ಸುಟ್ಟ ಅಕ್ಷರಗಳು ಏನು ಮಾಡಿದರೂ ಹೋಗುವುದಿಲ್ಲ. ಅವು ಗಾಜಿನ ಜೊತೆ ಬೆಸೆದ ಬಣ್ಣ. ನಾನು ಅವನ್ನು ಹಸಿರು ಡಬ್ಬಕ್ಕೆ ಹಾಕುತ್ತೇನೆ.

ಕಾಗದ ಉರಿದುಹೋಗುತ್ತದೆ ಅಂದಮೇಲೆ ತೊಳೆಯುವುದು ಯಾಕೆ ಅನ್ನಬಹುದು. ಉರಿಯುವ ವಸ್ತು ಜಾಸ್ತಿ ಆದರೆ ಕುಲುಮೆಯೊಳಗಿನ ಆಮ್ಲಜನಕದ ಸಮತೋಲನ ಬದಲಾಗುತ್ತದೆ. ಕಂದು ಮತ್ತು ಹಸಿರು ಬಣ್ಣ ನಿಂತಿರುವುದೇ ಆ ಸಮತೋಲನದ ಮೇಲೆ. ಒಂದು ರಾಶಿಯಲ್ಲಿ ಕೊಳೆ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಆದರೆ ಬಣ್ಣ ಒಂದೇ ರೀತಿ ಬರುವುದಿಲ್ಲ. ಅದಕ್ಕಿಂತ ಹತ್ತಿರದ ಕಾರಣ: ಸಕ್ಕರೆ ಅಂಟಿದ ಗಾಜನ್ನು ಚೀಲದಲ್ಲಿಟ್ಟು ನೋಡಿ, ವಾಸನೆ, ಇರುವೆ, ಬೂಸ್ಟು ಎಲ್ಲ ಹಾಜರ್.

ಒಡೆಯುವ ಕೊಳವೆ

150 ಮಿಲಿಮೀಟರ್ ವ್ಯಾಸದ ಕಬ್ಬಿಣದ ಪೈಪು, ಎತ್ತರ 60 ಸೆಂಟಿಮೀಟರ್. ಕೆಳಗೆ 10 ಮಿಲಿಮೀಟರ್ ದಪ್ಪದ ಕಬ್ಬಿಣದ ತಟ್ಟೆಗೆ ವೆಲ್ಡ್ ಮಾಡಿಸಿದೆ. ಸಲಾಕೆಯ ತುದಿಗೆ ದಪ್ಪ ಬಿಲ್ಲೆ. ಮೇಲೆ ಮುಚ್ಚಳ, ಮುಚ್ಚಳದ ನಡುವೆ ಸಲಾಕೆ ಹೋಗುವಷ್ಟು ತೂತು, ತೂತಿನ ಸುತ್ತ ಹಳೆ ಟ್ಯೂಬಿನ ರಬ್ಬರ್. ಒರಳಿಗೆ ಒನಕೆ ಹಾಕಿದ ಹಾಗೆ ಕುಟ್ಟುವುದು, ಅಷ್ಟೇ. ರಬ್ಬರ್ ಇಲ್ಲದಿದ್ದರೆ ಚೂರು ಮೇಲಕ್ಕೆ ಹಾರುತ್ತದೆ. ಅದಿದ್ದರೂ ಪೂರ್ತಿ ಮುಚ್ಚುವ ಕನ್ನಡಕ, ದಪ್ಪ ಗ್ಲೌಸ್, ಉದ್ದ ತೋಳಿನ ಅಂಗಿ ಕಡ್ಡಾಯ.

ಗಾಜನ್ನು ಒದ್ದೆ ಮಾಡಿಯೇ ಕುಟ್ಟಿ. ಗಾಜಿನ ಧೂಳು ಮರಳಿನ ಧೂಳಿನಷ್ಟು ಅಪಾಯದ್ದಲ್ಲ. ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತರುವುದು ಹರಳು ರೂಪದ ಸಿಲಿಕಾ. ಗಾಜಿನಲ್ಲಿ ಹರಳು ರಚನೆ ಇಲ್ಲ. ಹಾಗಂತ ಅದನ್ನು ಉಸಿರಾಡುವ ಅಗತ್ಯವೂ ಇಲ್ಲ. ಕಣ್ಣು, ಗಂಟಲು ಕೆರೆಯುತ್ತದೆ. ನಾನು ಎನ್95 ಮಾಸ್ಕ್ ಹಾಕುತ್ತೇನೆ.

ಜೋರಾಗಿ ಕುಟ್ಟುವ ಆಸೆ ಬರುತ್ತದೆ, ತಡೆದುಕೊಳ್ಳಿ. ಪುಡಿಯಾದಷ್ಟೂ ಉಪಯೋಗ ಕಡಿಮೆ. ಮೂರ್ನಾಲ್ಕು ಹದವಾದ ಪೆಟ್ಟು ಸಾಕು. ಸುರಿದ ಚೂರು ಮೊದಲು 40 ಮಿಲಿಮೀಟರ್ ಕಣ್ಣಿನ ಜರಡಿಗೆ. ಮೇಲುಳಿದದ್ದು ಮತ್ತೆ ಕೊಳವೆಗೆ. ಕೆಳಗೆ 10 ಮಿಲಿಮೀಟರ್ ಜರಡಿ. ಅದರಿಂದಲೂ ಕೆಳಗೆ ಬಿದ್ದ ನುಚ್ಚನ್ನು ಬೇರೆ ಇಡುತ್ತೇನೆ. ನುಚ್ಚಿನಲ್ಲಿ ಪಿಂಗಾಣಿ ಯಾವುದು, ಗಾಜು ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಅದನ್ನು ಜಲ್ಲಿ-ಮರಳಿನ ಬದಲು ಕಾಂಕ್ರೀಟಿಗೆ ಹಾಕುವ ಯೋಚನೆ ಇದ್ದರೆ ಒಂದು ಎಚ್ಚರ. ಸಿಮೆಂಟಿನ ಕ್ಷಾರ ಗಾಜಿನ ಸಿಲಿಕಾದ ಜೊತೆ ಸೇರಿ ಉಬ್ಬುವ ಜೆಲ್ ಆಗುತ್ತದೆ, ಕಾಂಕ್ರೀಟು ಸೀಳುತ್ತದೆ. ಹಿಟ್ಟಿನಷ್ಟು ನುಣ್ಣಗೆ ಅರೆದರೆ ಮಾತ್ರ ಅದೇ ಗಾಜು ಸಿಮೆಂಟಿಗೆ ನೆರವಾಗುತ್ತದೆ. ವಿಚಿತ್ರ ಅಲ್ವಾ?

ಜರಡಿಯ ಕೆಳಗಿನ ಇಳಿಜಾರು ತಗಡಿಗೆ ಅಡಿಯಿಂದ ಹಳೆ ಸ್ಪೀಕರಿನ ಮ್ಯಾಗ್ನೆಟ್‌ಗಳನ್ನು ಅಂಟಿಸಿದ್ದೇನೆ. ತಗಡು ಅಲ್ಯೂಮಿನಿಯಂ ಇರಬೇಕು, ಕಬ್ಬಿಣದ್ದಾದರೆ ಮ್ಯಾಗ್ನೆಟ್ಟಿನ ಸೆಳೆತ ಅದರಲ್ಲೇ ಮುಗಿಯುತ್ತದೆ. ಇಲ್ಲಿ ಸಿಗುವ ಕಬ್ಬಿಣ ಬಹುಪಾಲು ನನ್ನದೇ ಕೊಳವೆಯಿಂದ ಎದ್ದ ಸಣ್ಣ ಚೂರು.

ಡ್ರಮ್

ಚೂರುಗಳನ್ನು ಒಂದೊಂದಾಗಿ ಉಜ್ಜಲು ಆಗುವುದಿಲ್ಲ. ಅವು ಒಂದನ್ನೊಂದು ಉಜ್ಜಿಕೊಳ್ಳಬೇಕು. ದೊಡ್ಡ ಘಟಕಗಳಲ್ಲೂ ಉಳಿದ ಲೇಬಲ್ ಬಿಡಿಸುವುದು ಹೀಗೇ.

ತಿರುಗಿಸಿ ಹಾಕುವ ಮುಚ್ಚಳದ 60 ಲೀಟರ್ ನೀಲಿ ಪ್ಲಾಸ್ಟಿಕ್ ಡ್ರಮ್, ವ್ಯಾಸ 40 ಸೆಂಟಿಮೀಟರ್. ಕಬ್ಬಿಣದ ಆಂಗಲ್ ಫ್ರೇಮಿನ ಮೇಲೆ ಎರಡು ಸಮಾನಾಂತರ ಶಾಫ್ಟ್, ಪ್ರತಿ ಶಾಫ್ಟಿಗೆ ಎರಡು ರಬ್ಬರ್ ಚಕ್ರ, ಚಕ್ರದ ವ್ಯಾಸ 10 ಸೆಂಟಿಮೀಟರ್. ಡ್ರಮ್ ಇವುಗಳ ಮೇಲೆ ಮಲಗುತ್ತದೆ. ಒಂದು ಶಾಫ್ಟಿಗೆ ಕಾರಿನ ವೈಪರ್ ಮೋಟಾರ್. ವೈಪರ್ ಮೋಟಾರ್ ಆರಿಸಿದ್ದಕ್ಕೆ ಕಾರಣ ಅದರೊಳಗೇ ಗೇರ್ ಇದೆ, ನಿಧಾನವಾಗಿ ಜೋರು ಬಲದಲ್ಲಿ ತಿರುಗುತ್ತದೆ. ನನ್ನದು ಕಡಿಮೆ ವೇಗದಲ್ಲಿ ನಿಮಿಷಕ್ಕೆ 45 ಸುತ್ತು, ಹೆಚ್ಚು ವೇಗದಲ್ಲಿ 65. ಚಕ್ರಕ್ಕಿಂತ ಡ್ರಮ್ ನಾಲ್ಕು ಪಟ್ಟು ದೊಡ್ಡದು. ಹಾಗಾಗಿ ಡ್ರಮ್ ತಿರುಗುವುದು 11 ಅಥವಾ 16 ಸುತ್ತು. ವಿದ್ಯುತ್ತಿಗೆ ಹಳೆ ಕಂಪ್ಯೂಟರಿನ ಪವರ್ ಸಪ್ಲೈ, ಅದರ 12 ವೋಲ್ಟ್ ತಂತಿ.

ಇನ್ನೂ ವೇಗ ಬೇಕಾ ಎಂದು ಕೇಳಿದರೆ, ಬೇಡ. ತುಂಬಾ ವೇಗವಾದರೆ ಚೂರು ಗೋಡೆಗೆ ಅಂಟಿಕೊಂಡೇ ಸುತ್ತುತ್ತದೆ, ಉಜ್ಜುವುದೇ ಇಲ್ಲ. ಆ ಮಿತಿ ತಿಳಿಯಲು ಒಂದು ಸೂತ್ರ ಇದೆ: 42.3ನ್ನು ಮೀಟರಿನಲ್ಲಿ ಅಳೆದ ವ್ಯಾಸದ ವರ್ಗಮೂಲದಿಂದ ಭಾಗಿಸಿ. 0.4 ಮೀಟರಿಗೆ ಸುಮಾರು 67 ಸುತ್ತು ಬರುತ್ತದೆ. ಅದರ ಅರ್ಧಕ್ಕಿಂತ ಮೇಲೆ ಹೋದರೆ ಚೂರು ಎತ್ತರದಿಂದ ಬಿದ್ದು ಮತ್ತೆ ಒಡೆಯುತ್ತದೆ. ನಮಗೆ ಬೇಕಾದದ್ದು ಜಾರುವುದು, ಬೀಳುವುದಲ್ಲ. 16 ಸರಿಯಾಗಿದೆ.

ಒಳಗೆ ಮೂರು ಏಣು ಬೇಕು, ಇಲ್ಲದಿದ್ದರೆ ಇಡೀ ರಾಶಿ ತಳದಲ್ಲೇ ಜಾರಿಕೊಂಡು ಕೂರುತ್ತದೆ. ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಅರ್ಧಗಳನ್ನು ಬೋಲ್ಟ್ ಹಾಕಿ ಕೂರಿಸಿದೆ. ಎತ್ತರ 20 ಮಿಲಿಮೀಟರ್ ಸಾಕು. ಬೋಲ್ಟಿನ ಎರಡೂ ಕಡೆ ರಬ್ಬರ್ ವಾಷರ್ ಹಾಕಿ, ಸೋರುವುದು ಅಲ್ಲಿಂದಲೇ. ಒದ್ದೆಯಾದಾಗ ಚಕ್ರ ಜಾರದಿರಲು ಡ್ರಮ್ಮಿನ ಹೊರಗೆ, ಚಕ್ರ ತಾಗುವ ಜಾಗಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದೇನೆ.

ಕಾಲು ಭಾಗ ಚೂರು, ಚೂರು ಮುಳುಗುವಷ್ಟು ನೀರು, ಒಂದು ಹಿಡಿ ವಾಷಿಂಗ್ ಸೋಡಾ. 20 ನಿಮಿಷ ತಿರುಗಿಸಿ, ಮೋಟಾರ್ ಮುಟ್ಟಿ ನೋಡಿ. ವೈಪರ್ ಮೋಟಾರ್ ಗಂಟೆಗಟ್ಟಲೆ ಭಾರ ಎಳೆಯಲು ಮಾಡಿದ್ದಲ್ಲ, ಬಿಸಿಯಾಗುತ್ತದೆ. ಆರಲು ಬಿಟ್ಟು, ಆ ಹೊತ್ತಿನಲ್ಲಿ ನೀರು ಬದಲಿಸುತ್ತೇನೆ. ಮೊದಲ ನೀರು ಬೂದು ಗಂಜಿಯಾಗಿ ಬರುತ್ತದೆ, ಲೇಬಲ್ಲಿನ ನಾರು ಮೇಲೆ ತೇಲುತ್ತದೆ. ಎರಡನೇ ನೀರು ಸೋಡಾ ಇಲ್ಲದೆ. ಮೂರನೆಯದು ಬರೀ ಜಾಲಾಡಲು. ಬೋನಸ್ಸು ಏನೆಂದರೆ ಚೂರಿನ ಚೂಪು ಅಂಚು ಸ್ವಲ್ಪ ಸವೆಯುತ್ತದೆ. ಡ್ರಮ್ಮೂ ಸವೆಯುತ್ತದೆ. ಪ್ಲಾಸ್ಟಿಕ್ಕಿನ ನೀಲಿ ಎಳೆಗಳು ನೀರಿನ ಮೇಲೆ ಕಾಣಲು ಶುರುವಾದರೆ ಡ್ರಮ್ ಬದಲಿಸುವ ಕಾಲ ಬಂತು ಅಂತ.

ಶುದ್ಧವಾಯಿತಾ ಎಂದು ನೋಡಲು ಎರಡು ಪರೀಕ್ಷೆ. ದೊಡ್ಡ ಚೂರೊಂದನ್ನು ಶುದ್ಧ ನೀರಿನಲ್ಲಿ ಅದ್ದಿ ಓರೆಯಾಗಿ ಹಿಡಿಯಿರಿ. ನೀರು ಒಂದೇ ತೆಳು ಪರದೆಯಾಗಿ ಇಳಿದರೆ ಜಿಡ್ಡಿಲ್ಲ. ಪರದೆ ಹರಿದು ಅಲ್ಲಲ್ಲಿ ಹನಿ ನಿಂತರೆ ಇನ್ನೂ ಜಿಡ್ಡಿದೆ, ಮತ್ತೊಂದು ಸುತ್ತು. ಎರಡನೆಯದು, ಒಣಗಿದ ಚೂರನ್ನು ಕಪ್ಪು ಕಾಗದದ ಮೇಲಿಟ್ಟು ನೋಡಿ. ಬಿಳಿ ಗೆರೆ ಕಂಡರೆ ಸೋಡಾ ಉಳಿದಿದೆ, ಜಾಲಾಡಿದ್ದು ಸಾಲದು. ನೀರೇ ಗಡಸಾಗಿದ್ದರೂ ಗೆರೆ ಬರುತ್ತದೆ, ಅದರಿಂದ ಕರಗಿಸಲು ತೊಂದರೆಯಿಲ್ಲ.

ಕೊಳೆ ನೀರನ್ನು ನೇರವಾಗಿ ಚರಂಡಿಗೆ ಬಿಡಬೇಡಿ. ಗಾಜಿನ ಕೆಸರು ಪೈಪಿನ ಬಾಗಿನಲ್ಲಿ ಕೂತರೆ ಸಲಾಕೆಗೂ ಬಗ್ಗುವುದಿಲ್ಲ. ಮೂರು ಬಕೆಟ್ ಮೆಟ್ಟಿಲಿನಂತೆ ಇಟ್ಟು, ಒಂದರ ಮೇಲುನೀರು ಇನ್ನೊಂದಕ್ಕೆ ಹರಿಯುವಂತೆ ಮಾಡಿದ್ದೇನೆ. ಕೊನೆಯ ಬಕೆಟ್ಟಿನ ತಿಳಿನೀರನ್ನು ಮುಂದಿನ ರಾಶಿಯ ಮೊದಲ ತೊಳೆತಕ್ಕೆ ಬಳಸುತ್ತೇನೆ.

ಒಣಗಿಸಿ ತೂರುವುದು

ತಂತಿ ಬಲೆಯ ಚೌಕಟ್ಟಿನ ಮೇಲೆ ತೆಳುವಾಗಿ ಹರಡಿದರೆ ಬಿಸಿಲಿನಲ್ಲಿ ಬೇಗ ಒಣಗುತ್ತದೆ. ಒದ್ದೆ ಇರುವಾಗ ಕಾಗದದ ಎಳೆ ಗಾಜಿಗೆ ಅಂಟಿಕೊಂಡೇ ಇರುತ್ತದೆ. ಒಣಗಿದ ಮೇಲೆ ಬಿಡುತ್ತದೆ. ಆಗ ತೂರಬೇಕು. ಸ್ಟ್ಯಾಂಡ್ ಫ್ಯಾನನ್ನು ಪಕ್ಕದಲ್ಲಿಟ್ಟು, ಎದೆಯೆತ್ತರದಿಂದ ಸಣ್ಣ ಧಾರೆಯಾಗಿ ಸುರಿದರೆ ಗಾಜು ನೇರ ಕೆಳಗೆ, ಕಾಗದ, ಕಾರ್ಕ್ ಚೂರು, ಪ್ಲಾಸ್ಟಿಕ್ ಎಳೆ ಅತ್ತ ಹಾರುತ್ತದೆ. ಹಾರಿದ್ದರ ಜೊತೆ ಗಾಜಿನ ಧೂಳೂ ಇರುತ್ತದೆ, ಅದು ಹಾರಿ ಬೀಳುವ ಕಡೆ ನಿಲ್ಲಬೇಡಿ. ದೊಡ್ಡ ಘಟಕಗಳಲ್ಲಿ ಇದಕ್ಕೆ ಅಂಕುಡೊಂಕಾದ ಗಾಳಿ ಕೊಳವೆ ಇರುತ್ತದೆ. ತತ್ವ ಇದೇ.

ಕೊನೆಗೆ ಬೆಳಕಿನ ಮೇಜಿನ ಮೇಲೆ ಮತ್ತೊಮ್ಮೆ. ಚೂರುಗಳನ್ನು ಒಂದೇ ಪದರದಲ್ಲಿ ಹರಡಿ. ಗಾಜು ಬೆಳಗುತ್ತದೆ. ಕಪ್ಪಾಗಿ ಕಂಡದ್ದೆಲ್ಲ ಅನುಮಾನದ್ದು. ಅನುಮಾನದ ಚೂರನ್ನು ಎತ್ತಿ ಅಂಚು ನೋಡಿ. ಗಾಜಿನ ಮುರಿದ ಅಂಚು ನುಣುಪಾಗಿ, ಚಿಪ್ಪಿನಂತೆ ಬಳುಕಿರುತ್ತದೆ. ಪಿಂಗಾಣಿಯ ಅಂಚು ಸೀಮೆಸುಣ್ಣದಂತೆ ಮಂಕು. ದೊಡ್ಡ ಯಂತ್ರದಲ್ಲೂ ಆಗುವುದು ಇದೇ, ಕೈ ಬದಲು ಗಾಳಿ. ಇಳಿಜಾರಿನಲ್ಲಿ ಒಂದೇ ಪದರವಾಗಿ ಜಾರುವ ಚೂರುಗಳ ಹಿಂದಿನಿಂದ ಬೆಳಕು, ಮುಂದಿನಿಂದ ಕ್ಯಾಮೆರಾ. ಬೆಳಕು ತಡೆದ ಚೂರು ನಳಿಕೆಯ ಎದುರು ಬಂದ ಕ್ಷಣ ಒಂದು ಗಾಳಿಯ ಹೊಡೆತ, ಚೂರು ಬೇರೆ ದಾರಿಗೆ. ಸೀಸದ ಗಾಜಿಗೆ ಎಕ್ಸ್-ರೇ, ಶಾಖ ತಡೆಯುವ ಗಾಜಿಗೆ ಅತಿನೇರಳೆ ಬೆಳಕು ಬಳಸುವ ಯಂತ್ರಗಳೂ ಇವೆ.

ಪ್ರತಿ ಬಣ್ಣದ ರಾಶಿಯಿಂದ 1 ಕೆಜಿ ಮಾದರಿ ತೆಗೆದು ಚೂರುಚೂರಾಗಿ ನೋಡುತ್ತೇನೆ. ಯುರೋಪಿನ ಮಿತಿಯ ಪ್ರಕಾರ ಒಂದು ಕೆಜಿಯಲ್ಲಿ ಪಿಂಗಾಣಿ 100 ಮಿಲಿಗ್ರಾಂ ಇರಬಹುದು. ಸುಮಾರು 3.5 ಮಿಲಿಮೀಟರ್ ಬದಿಯ ಒಂದು ಘನ ಅದು. ಅಡುಗೆಮನೆಯ ತಕ್ಕಡಿ ಇಷ್ಟು ಸಣ್ಣ ತೂಕ ತೋರಿಸುವುದಿಲ್ಲ, ಚಿನ್ನ ತೂಗುವ ಸಣ್ಣ ತಕ್ಕಡಿ ಬೇಕು. ಬಿಳಿ ಮತ್ತು ಕಂದು ರಾಶಿಗಳ ಮಾದರಿಯಲ್ಲಿ ತೂಗಲು ಏನೂ ಸಿಗಲಿಲ್ಲ. ಹಸಿರಿನಲ್ಲಿ ಒಂದು ಸಣ್ಣ ಕಲ್ಲು ಸಿಕ್ಕಿತು. ಬಾಟಲಿಯ ತಳದ ಗುಳಿಯಲ್ಲಿ ಮಣ್ಣಿನ ಜೊತೆ ಅಂಟಿಕೊಂಡು ಬಂದದ್ದಿರಬೇಕು. ಈಗ ನೆನೆಸುವ ಮೊದಲೇ ತಳವನ್ನು ಬ್ರಶ್ ಹಾಕಿ ತಿಕ್ಕುತ್ತೇನೆ.

ಇಷ್ಟು ಕಷ್ಟ ಬೇಕಾ ಎಂದು ಗೆಳೆಯರನ್ನು ಕೇಳಿದೆ. ಅವರ ಉತ್ತರ ವಿದ್ಯುತ್ ಬಿಲ್ಲಿನದು. ಹೊಸ ಮರಳು, ಸೋಡಾ, ಸುಣ್ಣಕಲ್ಲು ಹಾಕಿದರೆ ಅವು ಮೊದಲು ರಾಸಾಯನಿಕವಾಗಿ ಒಡೆದು ಸೇರಬೇಕು. ಚೂರು ಒಮ್ಮೆ ಗಾಜಾಗಿಯೇ ಬಂದದ್ದು, ಕರಗಿದರೆ ಸಾಕು. ಕಾರ್ಖಾನೆಗಳ ಲೆಕ್ಕದಲ್ಲಿ ಪ್ರತಿ 10 ಶೇಕಡಾ ಚೂರಿಗೆ ಕುಲುಮೆಯ ಶಕ್ತಿ ಸುಮಾರು 2.5ರಿಂದ 3 ಶೇಕಡಾ ಉಳಿಯುತ್ತದೆ. ಸುಣ್ಣಕಲ್ಲು, ಸೋಡಾದಿಂದ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುವುದೂ ತಪ್ಪುತ್ತದೆ. ಹಾಗಾಗಿಯೇ 1 ಟನ್ ಚೂರು ಸುಮಾರು 1.2 ಟನ್ ಕಚ್ಚಾ ಮಾಲಿನ ಜಾಗ ತುಂಬುತ್ತದೆ.

ಮುಂದಿನ ಕೆಲಸ ಬೆಳಕಿನ ಮೇಜಿಗೆ ಚೂರು ತಾನಾಗಿ ಒಂದೇ ಪದರದಲ್ಲಿ ಬರುವಂತೆ ಮಾಡುವುದು. ಕೈಯಲ್ಲಿ ಹರಡುವುದಕ್ಕೇ ಜಾಸ್ತಿ ಹೊತ್ತು ಹೋಗುತ್ತಿದೆ. ತಗಡಿನ ಜಾರುಬಂಡೆಯ ಅಡಿಗೆ ಸಣ್ಣ ಮೋಟಾರ್, ಅದರ ಶಾಫ್ಟಿಗೆ ಒಂದು ಬದಿ ಭಾರದ ನಟ್ಟು ಹಾಕಿ ನಡುಗಿಸುವ ಯೋಚನೆ ಇದೆ. ನಾಲ್ಕು ಸ್ಪ್ರಿಂಗ್ ಹುಡುಕುತ್ತಿದ್ದೇನೆ. ತುಂಬಿದ ಚೀಲಗಳಿಗೂ ಈಗ ಅರ್ಧಕ್ಕೇ ಗಂಟು ಹಾಕುತ್ತಿದ್ದೇನೆ. ಪೂರ್ತಿ ತುಂಬಿದ ಗಾಜಿನ ಚೀಲವನ್ನು ಒಬ್ಬರೇ ಎತ್ತಲು ಆಗುವುದಿಲ್ಲ, ಎಳೆದರೆ ತಳ ಹರಿಯುತ್ತದೆ.